ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ: ಸೋರಿಕೆಯ ಮೂಲ ಹುಡುಕುವ ದಾರಿ

ಕೋಲಾರದ ಹತ್ತಿರ, ಹೆದ್ದಾರಿಯಿಂದ ಎರಡು ಹೊಲ ದಾಟಿದರೆ ನಮ್ಮ ಚಿಕ್ಕಪ್ಪನ ತೋಟ. ಅಲ್ಲಿ ಹಳೆಯದೊಂದು ಕಪಿಲೆ ಬಾವಿ ಇದೆ. ತುಂಬಾ ವರ್ಷ ಒಣಗಿಯೇ ಇತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದೊಂದೇ ಕೆರೆ ತುಂಬಿತು. ಅದಾದ ಮೇಲೆ ನಮ್ಮ ಬಾವಿಯಲ್ಲೂ ನೀರು ಕಾಣಿಸಿಕೊಂಡಿತು. ಮನೆಯವರೆಲ್ಲ ಹೋಗಿ ಬಾಗಿನ ಬಿಟ್ಟು ಬಂದೆವು. ಮುಂದಿನ ಬೇಸಿಗೆಯಲ್ಲಿ ಚಿಕ್ಕಪ್ಪನ ಫೋನ್ ಬಂತು.

"ಲೋ ಮಗ, ಬಾವಿ ನೀರು ಬಂಕ್ ವಾಸನೆ ಹೊಡೀತೈತೆ. ನೀನು ನೀರು ಟೆಸ್ಟ್ ಮಾಡೋನಲ್ವಾ, ಬಂದು ನೋಡು."

"ಬರ್ತೀನಿ ಚಿಕ್ಕಪ್ಪ. ಅಲ್ಲಿವರೆಗೂ ಯಾರೂ ಬಾವಿಗೆ ಇಳೀಬೇಡಿ. ದನಕ್ಕೂ ಆ ನೀರು ಕುಡಿಸಬೇಡಿ."

ಮೂಲ ಸಿಗಲು ಎರಡು ವರ್ಷ ಹಿಡಿಯಿತು. ಅಷ್ಟು ಹೊತ್ತು ಬೇಕಿರಲಿಲ್ಲ. ಮಾಡಬೇಕಾದ ಕೆಲಸಗಳನ್ನು ನಾನು ಹಿಂದುಮುಂದಾಗಿ ಮಾಡಿದೆ. ಮುಖ್ಯವಾಗಿ, ಮೊದಲ ವರ್ಷ ಮಾದರಿ ತೆಗೆದಾಗಲೆಲ್ಲ ನೀರು ಎಷ್ಟು ಆಳದಲ್ಲಿದೆ ಅಂತ ಬರೆದಿಡಲಿಲ್ಲ. ನೀರಿನ ಮಟ್ಟ ಗೊತ್ತಿಲ್ಲದಿದ್ದರೆ ಲ್ಯಾಬ್ ವರದಿಗೆ ಅರ್ಧ ಅರ್ಥವೂ ಇರುವುದಿಲ್ಲ. ಹಾಗಾಗಿ ಇಲ್ಲಿ ಬೇರೆ ಯಾವುದಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಬರೆದಿದ್ದೇನೆ.

ಮೊದಲು ಮಾಡಬಾರದ ಕೆಲಸ

ನಮ್ಮ ಕಡೆ ಹಳೆ ಬಾವಿಗೆ ಇಳಿಯುವ ಮುಂಚೆ ದೀಪ ಅಥವಾ ಲಾಟೀನು ಇಳಿಬಿಟ್ಟು ನೋಡುವ ರೂಢಿ ಇದೆ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಪೆಟ್ರೋಲ್ ವಾಸನೆ ಇರುವ ಬಾವಿಯಲ್ಲಿ ಇದನ್ನು ಮಾಡಲೇಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಆವಿ ಸೇರಿದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬಾವಿ ಹತ್ತಿರ ಬೀಡಿ, ಸಿಗರೇಟು ಬೇಡ. ಬಾವಿಯೊಳಗಿನ ಮೋಟಾರ್ ಸ್ವಿಚ್ಚನ್ನೂ ಮುಟ್ಟಬೇಡಿ. ಒಳಗೆ ಇಳಿಯುವುದಂತೂ ಬೇಡವೇ ಬೇಡ. ವಾಸನೆ ಮನೆಯ ಸಂಪಿನಲ್ಲೋ ಒಳಚರಂಡಿ ಮ್ಯಾನ್‌ಹೋಲಿನಲ್ಲೋ ಬಂದರೆ ಅಗ್ನಿಶಾಮಕ ದಳದ 101ಕ್ಕೆ ಅಥವಾ 112ಕ್ಕೆ ಮೊದಲು ಫೋನ್ ಮಾಡಿ. ಉಳಿದದ್ದು ಆಮೇಲೆ.

ಅದು ನಿಜಕ್ಕೂ ಇಂಧನವೇ?

ವಾಸನೆ ಬಂದ ಕೂಡಲೇ ಎಲ್ಲರ ಕಣ್ಣು ಹತ್ತಿರದ ಬಂಕ್ ಮೇಲೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ನಾನು ನೋಡಿದ ದೂರುಗಳಲ್ಲಿ ಎಷ್ಟೋ ಸಲ ಕಾರಣ ಬೋರ್‌ವೆಲ್ ಒಳಗೇ ಇತ್ತು.

ಹೊಸ ಪಿವಿಸಿ ಪೈಪ್ ಹಾಕಿದ್ದರೆ ಕೀಲುಗಳಿಗೆ ಹಚ್ಚಿದ ಅಂಟು ಕೆಲವು ದಿನ ಥಿನ್ನರ್ ತರ ವಾಸನೆ ಬೀರುತ್ತದೆ. ಹಳೆ ಸಬ್‌ಮರ್ಸಿಬಲ್ ಮೋಟಾರುಗಳಲ್ಲಿ ಎಣ್ಣೆ ತುಂಬಿದವೂ ಇವೆ. ಅದರ ಸೀಲ್ ಹೋದರೆ ಎಣ್ಣೆ ನೀರಿಗೆ ಬರುತ್ತದೆ. ಕಂಪ್ರೆಸರ್ ಇಟ್ಟು ನೀರೆತ್ತುವ ಬೋರುಗಳಲ್ಲಿ ಕಂಪ್ರೆಸರ್ ಎಣ್ಣೆಯೇ ಗಾಳಿ ಜೊತೆ ಕೆಳಗೆ ಹೋಗುತ್ತದೆ. ಪಂಪ್‌ಹೌಸಿನಲ್ಲಿ ಜನರೇಟರಿಗೆ ಡೀಸೆಲ್ ಹಾಕುವಾಗ ಚೆಲ್ಲಿದ್ದು ಕೇಸಿಂಗ್ (ಬೋರಿನ ಹೊರಪೈಪ್) ಪಕ್ಕದ ಸಂದಿಯಲ್ಲಿ ಇಳಿದಿರಬಹುದು. ಕೊಳೆತ ಮೊಟ್ಟೆ ವಾಸನೆಯಾದರೆ ಅದು ಹೈಡ್ರೋಜನ್ ಸಲ್ಫೈಡ್. ಅದಕ್ಕೂ ಪೆಟ್ರೋಲಿಗೂ ಸಂಬಂಧ ಇಲ್ಲ.

ನೀರ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಂಡರೆ ಒಂದು ಕಡ್ಡಿಯಿಂದ ಕದಡಿ ನೋಡಿ. ಪದರ ಒಡೆದ ಗಾಜಿನಂತೆ ಚೂರುಚೂರಾಗಿ, ಚೂರುಗಳು ಹಾಗೇ ಬೇರೆಬೇರೆ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಕಡ್ಡಿ ತೆಗೆದ ತಕ್ಷಣ ಪದರ ಮತ್ತೆ ಹರಿದು ಕೂಡಿಕೊಂಡರೆ ಎಣ್ಣೆ.

ಬೋರ್‌ವೆಲ್ ಆದರೆ ಒಂದು ಸುಲಭದ ಪರೀಕ್ಷೆ ಇದೆ. ರಾತ್ರಿಯೆಲ್ಲ ಮೋಟಾರ್ ನಿಲ್ಲಿಸಿ. ಬೆಳಿಗ್ಗೆ ಹಾಕಿದ ಕೂಡಲೇ ಒಂದು ಬಾಟಲಿ, 10 ನಿಮಿಷಕ್ಕೆ ಒಂದು, ಗಂಟೆಗೆ ಒಂದು, ಎರಡು ಗಂಟೆಗೆ ಒಂದು ಹಿಡಿಯಿರಿ. ಮೊದಲ ಬಾಟಲಿಯಲ್ಲಿ ವಾಸನೆ ಜಾಸ್ತಿ ಇದ್ದು ಆಮೇಲೆ ಕಡಿಮೆಯಾದರೆ ಮೂಲ ಬೋರಿನೊಳಗೆ ಅಥವಾ ಕೇಸಿಂಗಿಗೆ ಅಂಟಿಕೊಂಡೇ ಇರಬಹುದು. ಮೊದಲು ಏನೂ ಇಲ್ಲದೆ, ಎಳೆದಷ್ಟೂ ವಾಸನೆ ಏರಿದರೆ ಅದು ದೂರದಿಂದ, ಬಂಡೆಯ ಸೀಳಿನಲ್ಲಿ ಹರಿದು ಬರುತ್ತಿದೆ. ಇದು ಮೊದಲ ಸುಳಿವು ಅಷ್ಟೇ, ಕೊನೆಯ ತೀರ್ಮಾನ ಇದರಿಂದ ಬೇಡ. ಬಾಟಲಿಯನ್ನು ಮೂಗಿಗೆ ಹಿಡಿದು ವಾಸನೆ ಎಳೆದುಕೊಳ್ಳಬೇಡಿ. ಬಾಟಲಿ ಮುಚ್ಚಳ ತೆಗೆದು ಕೈಬೀಸಿ ನೋಡಿದರೆ ಸಾಕು.

ಬೋರಿನಲ್ಲಿ ವಾಸನೆ ಇಲ್ಲ, ಮನೆಯ ನಲ್ಲಿಯಲ್ಲಿ ಮಾತ್ರ ಬರುತ್ತಿದೆ ಅಂತಾದರೆ ಪೈಪ್ ಹಾದುಹೋದ ದಾರಿ ನೋಡಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಪೆಟ್ರೋಲ್ ಇಳಿದ ಮಣ್ಣಿನಲ್ಲಿ ಕಪ್ಪು ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್ ಇದ್ದರೆ, ಪೈಪ್ ಎಲ್ಲೂ ಒಡೆಯದಿದ್ದರೂ ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲುಯೀನ್ ಅನ್ನುವ ರಾಸಾಯನಿಕಗಳು ಅದರ ಗೋಡೆಯ ಮೂಲಕವೇ ನೀರಿಗೆ ಇಳಿಯುತ್ತವೆ. ರಾತ್ರಿ ನಿಂತ ನೀರಿನಲ್ಲಿ ವಾಸನೆ, ಐದು ನಿಮಿಷ ಹರಿಸಿದರೆ ಮಾಯ. ಹೀಗಿದ್ದರೆ ಅಂತರ್ಜಲ ಚೆನ್ನಾಗಿಯೇ ಇರಬಹುದು. ಪೈಪಿನ ದಾರಿಯ ಮಣ್ಣು ಅಗೆದು ನೋಡಬೇಕು.

ವಾಸನೆ ಇಲ್ಲ ಅಂದರೆ ನೀರು ಒಳ್ಳೆಯದು ಅಂತಲ್ಲ

ಪೆಟ್ರೋಲಿನಲ್ಲಿ ಅತಿ ಅಪಾಯದ್ದು ಬೆಂಜೀನ್. ಅದು ರಕ್ತದ ಕ್ಯಾನ್ಸರ್ ತರಬಲ್ಲದು ಅನ್ನುವುದು ಖಚಿತವಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಎಷ್ಟೋ ಪಟ್ಟು ಜಾಸ್ತಿ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಅಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿ 10 ಮಿ.ಲೀ., ತೂಕದಲ್ಲಿ ಸುಮಾರು 8.8 ಗ್ರಾಂ. ಅದು ಪೂರ್ತಿ ನೀರಿಗೆ ಇಳಿದರೆ 8 ಲಕ್ಷ 80 ಸಾವಿರ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ನಮ್ಮೂರಿಗೆ ಬೇಸಿಗೆಯಲ್ಲಿ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸುಮಾರು 147 ಟ್ಯಾಂಕರ್. ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನುತ್ತವೆ, ನಿಜ. ಆದರೂ ಒಂದೇ ಒಂದು ಲೀಟರಿನ ಮಾತು ಇದು.

ಡೀಸೆಲ್ ಸೋರಿಕೆಯಾದರೆ ಬೆಂಜೀನ್ ತೀರಾ ಕಡಿಮೆ. ಅದರಲ್ಲಿ ನ್ಯಾಫ್ತಲೀನ್‌ನಂಥ ಭಾರದ ವಸ್ತುಗಳು ಇರುತ್ತವೆ. ಲ್ಯಾಬಿಗೆ ಕಳಿಸುವಾಗ ಯಾವ ಇಂಧನದ ಅನುಮಾನ ಅಂತ ಹೇಳಿದರೆ ಸರಿಯಾದ ಪರೀಕ್ಷೆ ಮಾಡುತ್ತಾರೆ.

ಬಂಕ್ ಲೆಕ್ಕದ ಪುಸ್ತಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನಮ್ಮ ಬಾವಿಯ ಮೇಲಿನ ಬದಿಯಲ್ಲಿ ಹೆದ್ದಾರಿ ಪಕ್ಕ ಒಂದು ಬಂಕ್ ಇತ್ತು. ಮಾಲೀಕರು ಒಳ್ಳೆಯವರು. ಹೋಗಿ ಕೂತು ಮಾತಾಡಿದಾಗ ದಿನದ ಸ್ಟಾಕ್ ಪುಸ್ತಕವನ್ನೇ ಮುಂದಿಟ್ಟರು. ಜಗಳದಿಂದ ಶುರು ಮಾಡಿದ್ದರೆ ಅದು ಸಿಗುತ್ತಿರಲಿಲ್ಲ.

ಪ್ರತಿದಿನ ಬೆಳಿಗ್ಗೆ ಮಾರಾಟ ಶುರುವಾಗುವ ಮುಂಚೆ ಡಿಪ್ ರಾಡ್ (ಅಳತೆ ಕೋಲು) ಇಳಿಸಿ ಟ್ಯಾಂಕಿನ ಮಟ್ಟ ನೋಡುತ್ತಾರೆ. ಚಾರ್ಟ್ ನೋಡಿ ಅದನ್ನು ಲೀಟರಿಗೆ ತಿರುಗಿಸುತ್ತಾರೆ. ನಿನ್ನೆಯ ಸ್ಟಾಕ್, ಅದಕ್ಕೆ ಬಂದ ಲೋಡ್ ಕೂಡಿಸಿ, ನಾಝಲ್ ಮೀಟರಿನ ಮಾರಾಟ ಕಳೆದರೆ ಪುಸ್ತಕದ ಸ್ಟಾಕ್. ಡಿಪ್ ಸ್ಟಾಕ್ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟು ಲೀಟರ್ ಎಲ್ಲೋ ಹೋಗಿದೆ.

ಒಂದು ದಿನದ ವ್ಯತ್ಯಾಸ ನೋಡಿ ಏನೂ ಹೇಳಲಾಗದು. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. ಸಾವಿರ ಲೀಟರಿಗೆ ಪ್ರತಿ ಡಿಗ್ರಿಗೆ ಸುಮಾರು ಒಂದು ಲೀಟರ್. ಬಿಸಿಲಲ್ಲಿ ಬಂದ 12,000 ಲೀಟರ್ ಲೋಡ್ ನೆಲದ ತಂಪಿಗೆ 5 ಡಿಗ್ರಿ ಇಳಿದರೆ 60 ಲೀಟರ್ ಸುಮ್ನೆ ಕಡಿಮೆ ಕಾಣುತ್ತದೆ. ಅದು ಸೋರಿಕೆ ಅಲ್ಲ. ಇನ್ನು ನಾಝಲ್. 5 ಲೀಟರ್ ಅಳತೆಯಲ್ಲಿ 25 ಮಿ.ಲೀ. ಆಚೀಚೆ ಇದ್ದರೆ ಕಾನೂನು ಒಪ್ಪುತ್ತದೆ. ದಿನಕ್ಕೆ 5,000 ಲೀಟರ್ ಮಾರುವ ಬಂಕಿನಲ್ಲಿ ಅದೇ 25 ಲೀಟರ್.

ಈಗ ಸೋರಿಕೆ ನೋಡಿ. ಸೆಕೆಂಡಿಗೆ ಒಂದು ಹನಿ. ಇಪ್ಪತ್ತು ಹನಿಗೆ ಒಂದು ಮಿ.ಲೀ. ಅಂದುಕೊಂಡರೆ ದಿನಕ್ಕೆ 4.3 ಲೀಟರ್, ವರ್ಷಕ್ಕೆ 1,500 ಲೀಟರಿಗಿಂತ ಜಾಸ್ತಿ. ಅಷ್ಟು ಸೋರಿಕೆ ಆ 25 ಲೀಟರಿನ ನೆರಳಲ್ಲಿ ಆರಾಮಾಗಿ ಅಡಗಿ ಕೂರುತ್ತದೆ. ಪುಸ್ತಕ ಸರಿ ಇದೆ ಅಂದಮಾತ್ರಕ್ಕೆ ಟ್ಯಾಂಕ್ ಸರಿ ಇದೆ ಅಂತಲ್ಲ ಅನ್ನುವುದು ಇದಕ್ಕೇ. ಮೂರು ತಿಂಗಳ ವ್ಯತ್ಯಾಸವನ್ನು ದಿನದಿನಕ್ಕೂ ಕೂಡಿಸುತ್ತಾ ಗ್ರಾಫ್ ಹಾಕಿ. ಬಿಸಿಲು, ತಂಪು, ಡಿಪ್ ಓದುವ ತಪ್ಪು ಇವೆಲ್ಲ ಮೇಲೆ ಕೆಳಗೆ ಕುಣಿದು ಒಂದನ್ನೊಂದು ಹೊಡೆದುಹಾಕುತ್ತವೆ. ಸೋರಿಕೆ ಮತ್ತು ತಪ್ಪು ಮೀಟರ್ ಮಾತ್ರ ಒಂದೇ ಕಡೆಗೆ ಎಳೆಯುತ್ತಾ ಹೋಗುತ್ತವೆ. ಇವೆರಡನ್ನು ಬೇರೆ ಮಾಡುವುದು ಸುಲಭ. ರಾತ್ರಿ ಬಂಕ್ ಮುಚ್ಚಿದಾಗ ಒಂದು ಡಿಪ್, ಬೆಳಿಗ್ಗೆ ತೆರೆಯುವ ಮುಂಚೆ ಒಂದು ಡಿಪ್. ಮಾರಾಟವಿಲ್ಲದ ಹೊತ್ತಲ್ಲೂ ಮಟ್ಟ ಇಳಿದರೆ ಟ್ಯಾಂಕ್ ಮೇಲೆ ಅನುಮಾನ. ಮಾರಾಟದ ಹೊತ್ತಲ್ಲಿ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಇಳಿದರೆ ಮೀಟರ್ ಅಥವಾ ಪೈಪ್‌ಲೈನ್. ತೀರಾ ಸಣ್ಣ ಸೋರಿಕೆ ಡಿಪ್ ರಾಡಿಗೆ ಸಿಗುವುದಿಲ್ಲ. ಅದಕ್ಕೆ ಟ್ಯಾಂಕಿನ ಒತ್ತಡ ಪರೀಕ್ಷೆಯೇ ಬೇಕು. ಅದನ್ನು ತೈಲ ಕಂಪನಿಯ ಪರಿಣತರೇ ಮಾಡಬೇಕು.

ಪೈಪ್‌ಲೈನಿನಲ್ಲಿ ಎರಡು ಬಗೆ. ಪಂಪ್ ಮೇಲಿದ್ದು ಎಳೆದುಕೊಳ್ಳುವ ಲೈನಿನಲ್ಲಿ ತೂತಿದ್ದರೆ ಗಾಳಿ ಸೇರಿ ನಾಝಲ್ ಕೆಮ್ಮಿದಂತೆ ಬಿಟ್ಟುಬಿಟ್ಟು ಬರುತ್ತದೆ. ಟ್ಯಾಂಕಿನೊಳಗೆ ಪಂಪ್ ಇದ್ದು ಒತ್ತುವ ಲೈನಾದರೆ ತೂತಿನಿಂದ ಇಂಧನ ಹೊರಗೆ ಚಿಮ್ಮುತ್ತದೆ. ಇದೇ ಜಾಸ್ತಿ ಅಪಾಯ. ಡಿಸ್ಪೆನ್ಸರ್ ಕೆಳಗಿನ ಗುಂಡಿ ತೆರೆಸಿ ನೋಡಿ. ಲೋಡ್ ಇಳಿಸುವ ಫಿಲ್ ಪಾಯಿಂಟನ್ನೂ ಮರೆಯಬೇಡಿ. ಪ್ರತಿ ಸಲ ಹೋಸ್ ಬಿಚ್ಚುವಾಗ ಚೆಲ್ಲುವ ಅರ್ಧ ಲೀಟರ್ ವರ್ಷಗಟ್ಟಲೆ ಅದೇ ಜಾಗಕ್ಕೆ ಇಳಿದಿರುತ್ತದೆ. ಆ ನಷ್ಟ ಪ್ರತ್ಯೇಕವಾಗಿ ಯಾವ ಪುಸ್ತಕದಲ್ಲೂ ಎದ್ದು ಕಾಣುವುದಿಲ್ಲ.

ನೀರು ಮೇಲೆ ಬಂದ ನಮ್ಮ ಕಡೆ ಇನ್ನೊಂದು ವಿಷಯ ಗಮನಿಸಬೇಕು. ಅಂತರ್ಜಲ ಟ್ಯಾಂಕಿನ ತಳಕ್ಕಿಂತ ಮೇಲಿದ್ದರೆ, ತೂತಿದ್ದರೂ ಇಂಧನ ಹೊರಗೆ ಹೋಗದೆ ನೀರೇ ಒಳಗೆ ಬರಬಹುದು. ಆಗ ಸೋರಿಕೆಯ ಗುರುತು ಸ್ಟಾಕ್ ಕಡಿಮೆಯಾಗುವುದಲ್ಲ, ಡಿಪ್ ರಾಡಿನ ತುದಿಗೆ ಹಚ್ಚಿದ ವಾಟರ್ ಪೇಸ್ಟ್ ನೀರು ತಾಗಿ ಬಣ್ಣ ಬದಲಾಗುವುದು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ, ಒಳಗೆ ಬಂದ ನೀರು ಎಥೆನಾಲನ್ನು ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಹಳೆ ಬಗೆಯ ಪೇಸ್ಟ್ ಇದನ್ನು ಸರಿಯಾಗಿ ತೋರಿಸುವುದಿಲ್ಲ. ಎಥೆನಾಲ್ ಪೆಟ್ರೋಲಿಗೆ ಅಂತಲೇ ಬರುವ ಪೇಸ್ಟ್ ಬಳಸಬೇಕು.

ನಮ್ಮ ಮೇಲಿನ ಬಂಕಿನಲ್ಲಿ ಇದನ್ನೆಲ್ಲ ನೋಡಿದೆವು. ಗ್ರಾಫ್ ಸಪಾಟು. ರಾತ್ರಿಯ ಡಿಪ್ ಸರಿ. ಪೇಸ್ಟ್ ಬಣ್ಣ ಬದಲಾಗಲಿಲ್ಲ. ಒತ್ತಡ ಪರೀಕ್ಷೆಯಲ್ಲೂ ಟ್ಯಾಂಕ್ ಪಾಸಾಯಿತು. ಬಾವಿಯಲ್ಲಿ ವಾಸನೆ ಮಾತ್ರ ಹಾಗೇ ಇತ್ತು.

ನೀರಿನ ಮಟ್ಟ: ಇಲ್ಲೇ ಗುಟ್ಟು ಇರುವುದು

ಪೆಟ್ರೋಲೂ ಡೀಸೆಲೂ ನೀರಿಗಿಂತ ಹಗುರ. ಪೆಟ್ರೋಲ್ ಸಾಂದ್ರತೆ 0.72ರಿಂದ 0.775. ನೆಲಕ್ಕೆ ಇಳಿದ ಪೆಟ್ರೋಲ್ ಮಣ್ಣಿನ ಮೂಲಕ ಸಾಗಿ, ಅಂತರ್ಜಲದ ಮೇಲೆ ತೇಲುತ್ತದೆ. ನೀರು ಇಳಿದರೆ ಅದೂ ಜೊತೆಗೆ ಇಳಿಯುತ್ತದೆ. ಇಳಿಯುವಾಗ ದಾರಿಯ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ನೀರು ಏರಿದರೆ ಹೀಗೆ ಮೆತ್ತಿಕೊಂಡ ಪೆಟ್ರೋಲಿನಲ್ಲಿ ಒಂದಷ್ಟು ಮೇಲೆ ಬರುವುದಿಲ್ಲ. ಮಣ್ಣಿನ ಸಂದುಗಳಲ್ಲಿ ಸಣ್ಣ ಸಣ್ಣ ಹನಿಯಾಗಿ ನೀರಿನಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಆಗ ಏನಾಗುತ್ತದೆ ನೋಡಿ. ಮಳೆಗಾಲ ಮುಗಿದು ನೀರು ಮೇಲಿರುವಾಗ ಬಾವಿಯಲ್ಲಿ ತೇಲುವ ಪದರ ತೆಳುವಾಗುತ್ತದೆ ಅಥವಾ ಪೂರ್ತಿ ಕಾಣೆಯಾಗುತ್ತದೆ. ಎಲ್ಲರೂ ಸರಿಹೋಯಿತು ಅಂದುಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ನೀರು ಇಳಿದಾಗ ಸಿಕ್ಕಿಕೊಂಡಿದ್ದ ಪೆಟ್ರೋಲ್ ಬಿಡುಗಡೆಯಾಗಿ ಮತ್ತೆ ಬಾವಿಗೆ ಇಳಿಯುತ್ತದೆ. ನಾನು ಮೊದಲ ವರ್ಷ ಮೋಸ ಹೋಗಿದ್ದು ಇಲ್ಲೇ. ನವೆಂಬರ್‌ನಲ್ಲಿ ಮೇಲೆ ಏನೂ ತೇಲುತ್ತಿರಲಿಲ್ಲ, ವಾಸನೆಯೂ ತೀರಾ ಕಡಿಮೆ. "ಹೋಯ್ತು ಬಿಡಿ ಚಿಕ್ಕಪ್ಪ" ಅಂತ ಹೇಳಿ ಬಂದೆ. ಬೇಸಿಗೆಗೆ ಮತ್ತೆ ಫೋನ್ ಬಂತು. ಅವರು ಅಷ್ಟರಲ್ಲಿ ಟೊಮೆಟೊ ಸಸಿಗೆ ಅದೇ ನೀರು ಬಿಟ್ಟಿದ್ದರು. ಆ ಬೇಸರ ನನಗೆ ಇನ್ನೂ ಇದೆ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ತಾರೀಕು, ಬಾವಿ ಕಟ್ಟೆಯಿಂದ ನೀರಿನ ಆಳ, ವಾಸನೆ, ಪದರ, ಹಿಂದಿನ ವಾರದ ಮಳೆ, ಅಕ್ಕಪಕ್ಕದ ಮೋಟಾರ್ ಓಡುತ್ತಿತ್ತಾ ಇಲ್ಲವಾ. ಹದಿನೈದು ದಿನಕ್ಕೊಮ್ಮೆ ಒಂದು ಸಾಲು. ಕಟ್ಟೆ ಮೇಲೆ ಬಣ್ಣದ ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಅಳೆಯಿರಿ.

ತೇಲುವ ಪದರದ ದಪ್ಪ ಅಳೆಯಲು ಬಂಕಿನವರ ಉಪಾಯವನ್ನೇ ಬಳಸಬಹುದು. ಹಿತ್ತಾಳೆ ಗುಂಡಿನ ಅಳತೆ ಟೇಪಿನ ಒಂದು ಬದಿಗೆ ಇಂಧನದ ಪೇಸ್ಟ್, ಇನ್ನೊಂದು ಬದಿಗೆ ವಾಟರ್ ಪೇಸ್ಟ್ ಹಚ್ಚಿ ಇಳಿಸಿ. ಎರಡು ಗೆರೆಗಳ ನಡುವಿನ ಅಂತರವೇ ದಪ್ಪ. ಪದರ ನೀರನ್ನು ಕೆಳಗೆ ಒತ್ತುವುದರಿಂದ ಮಟ್ಟವನ್ನು ಸರಿಪಡಿಸಬೇಕು. 10 ಸೆಂ.ಮೀ. ಪೆಟ್ರೋಲ್ ಇದ್ದರೆ ನಿಜವಾದ ನೀರಿನ ಮಟ್ಟ ವಾಟರ್ ಪೇಸ್ಟ್ ಗೆರೆಗಿಂತ ಸುಮಾರು 7.4 ಸೆಂ.ಮೀ. ಮೇಲಿರುತ್ತದೆ. ಬಾವಿಯಲ್ಲಿ ಕಂಡಷ್ಟೇ ದಪ್ಪ ಪದರ ಸುತ್ತಲಿನ ಮಣ್ಣಿನಲ್ಲೂ ಇದೆ ಅಂದುಕೊಳ್ಳಬೇಡಿ. ಬಾವಿಯಲ್ಲಿ ಅದು ಸಾಮಾನ್ಯವಾಗಿ ಹೆಚ್ಚಾಗಿ ಕಾಣುತ್ತದೆ.

ನೀರು ಯಾವ ಕಡೆ ಹರಿಯುತ್ತಿದೆ?

ಇದಕ್ಕೆ ಕನಿಷ್ಠ ಮೂರು ಬಾವಿ ಬೇಕು, ಅದೂ ತ್ರಿಕೋನದಲ್ಲಿ. ಹಿಂದಿನ ರಾತ್ರಿಯಿಂದ ಸುತ್ತಲಿನ ಮೋಟಾರುಗಳು ನಿಂತಿರಬೇಕು. ಮೂರೂ ಬಾವಿಯ ಕಟ್ಟೆಯ ಎತ್ತರವನ್ನು ಒಂದೇ ಮಟ್ಟಕ್ಕೆ ಹೊಂದಿಸಿಕೊಳ್ಳಬೇಕು. ಆ ಎತ್ತರದಿಂದ ನೀರಿನ ಆಳ ಕಳೆದರೆ ನೀರಿನ ಮಟ್ಟ ಸಿಗುತ್ತದೆ. ನಾವು ಮೇಸ್ತ್ರಿಗಳು ಮಟ್ಟ ಹಿಡಿಯುವ ನೀರಿನ ಟ್ಯೂಬನ್ನೇ ಹಂತಹಂತವಾಗಿ ಎಳೆದುಕೊಂಡು ಹೋದೆವು. ನಿಧಾನ ಆದರೂ ಲೆಕ್ಕ ಸಿಕ್ಕಿತು.

ಉದಾಹರಣೆಗೆ ಒಂದನೇ ಬಾವಿಯಲ್ಲಿ ನೀರು 97.40 ಮೀಟರಿನಲ್ಲಿ, ಎರಡನೆಯದರಲ್ಲಿ 97.10, ಮೂರನೆಯದರಲ್ಲಿ 96.80 ಅಂದುಕೊಳ್ಳಿ. ಹಾಳೆ ಮೇಲೆ ಒಂದರಿಂದ ಮೂರಕ್ಕೆ ಗೆರೆ ಎಳೆಯಿರಿ. ಅದರ ಸರಿಯಾದ ಮಧ್ಯದಲ್ಲಿ ಮಟ್ಟ 97.10. ಆ ಬಿಂದುವನ್ನು ಎರಡನೇ ಬಾವಿಗೆ ಸೇರಿಸಿ. ಆ ಗೆರೆಯುದ್ದಕ್ಕೂ ನೀರು ಒಂದೇ ಮಟ್ಟದಲ್ಲಿದೆ. ಅದಕ್ಕೆ ಅಡ್ಡವಾಗಿ, ಮೂರನೇ ಬಾವಿ ಇರುವ ಬದಿಗೆ ನೀರು ಹರಿಯುತ್ತದೆ.

ನಮ್ಮ ನೆಲಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಲ್ಲವೂ ಗಟ್ಟಿ ಬಂಡೆಯ ನಾಡು. ಮೇಲೆ ಮಣ್ಣು, ಕೆಳಗೆ ಶಿಥಿಲವಾದ ಕಲ್ಲು, ಅದರ ಕೆಳಗೆ ಗ್ರಾನೈಟ್ ಮತ್ತು ನೈಸ್ ಬಂಡೆ. ಮೇಲಿನ ಶಿಥಿಲ ಪದರದಲ್ಲಿ ಮೂರು ಬಾವಿಯ ಲೆಕ್ಕ ನಡೆಯುತ್ತದೆ. ಬಂಡೆಗೆ ಇಳಿದ ಮೇಲೆ ನೀರು ಸೀಳು ಇದ್ದ ಕಡೆ ಮಾತ್ರ ಹೋಗುತ್ತದೆ. ಬೋರ್ ಕೊರೆಯುವವರು ಗ್ಯಾಪ್ ಅನ್ನುತ್ತಾರಲ್ಲ, ಅದೇ. ನೆಲದಡಿ ಬಂಡೆಯ ನಡುವೆ ಕರಿಕಲ್ಲು ಗೋಡೆಯಂತೆ ಅಡ್ಡ ಬಂದಿದ್ದರೆ ಅಲ್ಲೇ ನಿಂತು ಬೇರೆ ಕಡೆ ತಿರುಗುತ್ತದೆ. ಬಂಕಿಗೆ 100 ಅಡಿ ಹತ್ತಿರದ ಬೋರು ಶುದ್ಧವಾಗಿದ್ದು, 600 ಅಡಿ ದೂರದ್ದು ಕೆಟ್ಟಿರಬಹುದು. ಜೋರಾಗಿ ನೀರೆಳೆಯುವ ಒಂದು ಬೋರು ಇಡೀ ಹರಿವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು.

1,000 ಅಡಿಯ ನೀರಾವರಿ ಬೋರನ್ನು ಪರೀಕ್ಷಿಸಿ ಮೇಲಿನ ನೀರು ಚೆನ್ನಾಗಿದೆ ಅಂತ ಹೇಳಬೇಡಿ. ಅದರ ಕೇಸಿಂಗ್ ಮೇಲಿನ ಪದರವನ್ನು ಮುಚ್ಚಿರುತ್ತದೆ. ಪೆಟ್ರೋಲ್ ಕೂತಿರುವುದು ಅಲ್ಲೇ. ಸೋರಿಕೆ ಮೇಲೆ ಕಣ್ಣಿಡಲು, ಕಾವಲಿಗೆ ಅಂತ ತೋಡುವ ಬಾವಿ ಆಳ ಇರಬೇಕಿಲ್ಲ. ಅದರ ತೂತಿರುವ ಪೈಪ್ ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು. ಬೇಸಿಗೆಯ ಕೆಳಮಟ್ಟ, ಮಳೆಗಾಲದ ಮೇಲ್ಮಟ್ಟ ಎರಡೂ ಅದರೊಳಗೆ ಬರಬೇಕು. ಪೈಪಿನ ಸುತ್ತ ಮೇಲ್ಭಾಗದಲ್ಲಿ ಬೆಂಟೋನೈಟ್ ಮಣ್ಣು ತುಂಬಿ ಬಿಗಿ ಮಾಡಬೇಕು. ಇಲ್ಲದಿದ್ದರೆ ಆ ಬಾವಿಯೇ ಕೊಳೆ ಇಳಿಯುವ ದಾರಿಯಾಗುತ್ತದೆ.

ಮಾದರಿ ತೆಗೆಯುವುದು

ಮಿನರಲ್ ವಾಟರ್ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸಬೇಡಿ. ಬೆಂಜೀನ್ ಆವಿಯಾಗಿ ಹೋಗುತ್ತದೆ, ಪ್ಲಾಸ್ಟಿಕ್ಕೂ ಹೀರುತ್ತದೆ. ಲ್ಯಾಬಿನಿಂದಲೇ 40 ಮಿ.ಲೀ. ಗಾಜಿನ ಸೀಸೆ ತರಿಸಿಕೊಳ್ಳಿ. ಅದರಲ್ಲಿ ಮೊದಲೇ ಆಸಿಡ್ ಹಾಕಿರುತ್ತಾರೆ, ತೊಳೆಯಬಾರದು. ನೀರನ್ನು ಗುಳ್ಳೆ ಏಳದಂತೆ ನಿಧಾನವಾಗಿ ತುಂಬಿ, ಬಾಯಿ ಮಟ್ಟಕ್ಕೆ ಉಬ್ಬಿ ನಿಂತಾಗ ಮುಚ್ಚಿ. ತಲೆಕೆಳಗು ಮಾಡಿ ತಟ್ಟಿದರೆ ಒಂದೂ ಗಾಳಿಗುಳ್ಳೆ ಕಾಣಬಾರದು. ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿ ಸುಮಾರಿಗೆ ಇಟ್ಟು ಕಳಿಸಿ. ಆಸಿಡ್ ಹಾಕಿದ್ದಕ್ಕೆ 14 ದಿನ, ಹಾಕದ್ದಕ್ಕೆ 7 ದಿನದೊಳಗೆ ಪರೀಕ್ಷೆ ಆಗಬೇಕು. ಆ ದಿನ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡ ಕೈಯಲ್ಲಿ ಸೀಸೆ ಮುಟ್ಟಬೇಡಿ. ಶುದ್ಧ ನೀರು ತುಂಬಿದ ಒಂದು ಸೀಸೆಯನ್ನು ಲ್ಯಾಬಿನಿಂದ ತಂದು, ತೆರೆಯದೆ ಜೊತೆಗೇ ವಾಪಸ್ ಕಳಿಸಿ. ಅದರಲ್ಲೂ ಬೆಂಜೀನ್ ಕಂಡರೆ ತಪ್ಪು ದಾರಿಯಲ್ಲಾಗಿದೆ ಅಂತ ಅರ್ಥ.

ಕಾವಲು ಬಾವಿಯಲ್ಲಿ ನಿಂತ ನೀರನ್ನು ಮೊದಲು ಹೊರಹಾಕಬೇಕು. ಸಾಮಾನ್ಯವಾಗಿ ಪೈಪಿನಲ್ಲಿರುವ ನೀರಿನ ಮೂರರಷ್ಟು. ಆರೂವರೆ ಇಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ ಸುಮಾರು 21 ಲೀಟರ್ ನೀರಿರುತ್ತದೆ. 10 ಮೀಟರ್ ನೀರಿದ್ದರೆ 630 ಲೀಟರ್ ತೆಗೆಯಬೇಕು. ಆ ನೀರನ್ನು ಪಕ್ಕದ ಕಾಲುವೆಗೆ ಬಿಡದೆ ಡ್ರಮ್ಮಿನಲ್ಲಿ ಹಿಡಿದಿಡಿ.

ಬೆಂಜೀನ್, ಟಾಲುಯೀನ್, ಈಥೈಲ್‌ಬೆಂಜೀನ್, ಝೈಲೀನ್ ನಾಲ್ಕನ್ನೂ ಕೇಳಿ. ಜೊತೆಗೆ ಎಥೆನಾಲ್, ನೈಟ್ರೇಟ್, ಕರಗಿದ ಕಬ್ಬಿಣ ಮತ್ತು ಆಮ್ಲಜನಕವನ್ನೂ ನೋಡಿಸಿ. ನೈಟ್ರೇಟ್ ಯಾಕೆ ಅಂದರೆ, ನಮ್ಮ ಕಡೆ ಗೊಬ್ಬರ, ಕೊಟ್ಟಿಗೆ ನೀರಿನಿಂದ ಬಾವಿಗಳಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪೆಟ್ರೋಲ್ ತಿನ್ನುವ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕ, ಆಮೇಲೆ ನೈಟ್ರೇಟ್ ಖರ್ಚು ಮಾಡುತ್ತವೆ, ಆಮೇಲೆ ಕಲ್ಲಿನ ಕಬ್ಬಿಣವನ್ನು ನೀರಿಗೆ ಕರಗಿಸುತ್ತವೆ. ಸುತ್ತಲಿನ ಬಾವಿಗಳಲ್ಲೆಲ್ಲ ನೈಟ್ರೇಟ್ ಇದ್ದು ಒಂದರಲ್ಲಿ ಮಾತ್ರ ಇಲ್ಲ, ಕಬ್ಬಿಣ ಮಾತ್ರ ಜಾಸ್ತಿ ಅಂದರೆ ಆ ಬಾವಿಯ ಮೇಲೆ ಕಣ್ಣಿಡಿ.

ಹಳೆ ಸೋರಿಕೆಯೋ ಹೊಸದೋ?

ಹೊಸ ಪೆಟ್ರೋಲ್ ಮುಟ್ಟಿದ ನೀರಿನಲ್ಲಿ ಬೆಂಜೀನ್, ಟಾಲುಯೀನ್ ಜೋರಾಗಿರುತ್ತವೆ. ಇವು ಬೇಗ ಕರಗಿ ಹೋಗುವಂಥವು. ವರ್ಷಗಳು ಕಳೆದ ಹಾಗೆ ಇವು ಇಳಿದು ಈಥೈಲ್‌ಬೆಂಜೀನ್, ಝೈಲೀನ್ ಮುಂದೆ ಬರುತ್ತವೆ. ಮೂಲದ ಹತ್ತಿರವೇ ಹೀಗಿದ್ದರೆ ಹಳೆ ಸೋರಿಕೆ. ಎಥೆನಾಲ್ ಸಿಕ್ಕಿದರೆ ಹೊಸದು, ಯಾಕೆಂದರೆ ಅದು ನೆಲದಲ್ಲಿ ಬಹಳ ದಿನ ಉಳಿಯುವುದಿಲ್ಲ. ಎಥೆನಾಲ್ ಇನ್ನೊಂದು ಕೆಲಸ ಮಾಡುತ್ತದೆ. ಸೂಕ್ಷ್ಮಜೀವಿಗಳು ಅದನ್ನೇ ಮೊದಲು ತಿಂದು ಆಮ್ಲಜನಕ ಮುಗಿಸುತ್ತವೆ. ಬೆಂಜೀನ್ ಹಾಗೇ ಉಳಿದು ಇನ್ನೂ ದೂರ ಹೋಗುತ್ತದೆ. ತೇಲುವ ಪದರದಲ್ಲಿ ಸೀಸದ ಸಂಯುಕ್ತ ಸಿಕ್ಕಿದರೆ ಅದು 2000ಕ್ಕೂ ಹಿಂದಿನ ಪೆಟ್ರೋಲ್. ಆ ವರ್ಷದ ಫೆಬ್ರವರಿಯಿಂದ ದೇಶದೆಲ್ಲೆಡೆ ಸೀಸವಿಲ್ಲದ ಪೆಟ್ರೋಲೇ ಬರುತ್ತಿದೆ.

ನಮ್ಮ ಬಾವಿಯ ವರದಿ ಬಂದಾಗ ಝೈಲೀನ್ ಮೇಲೆ, ಬೆಂಜೀನ್ ಕೆಳಗೆ, ಎಥೆನಾಲ್ ಇಲ್ಲ. ಮೂರು ಬಾವಿಯ ಗೆರೆ ಬಂಕಿನ ಪೂರ್ವದ ಮೂಲೆಗೆ ಹೋಗಿ ನಿಂತಿತು. ಈಗಿನ ಟ್ಯಾಂಕುಗಳು ಇರುವುದು ಪಶ್ಚಿಮಕ್ಕೆ. ಮಾಲೀಕರ ತಂದೆಯನ್ನು ಕೇಳಿದೆ. "ಅಯ್ಯಾ, ಮೊದಲಿನ ಟ್ಯಾಂಕ್ ಆ ಮೂಲೆಯಲ್ಲೇ ಇದ್ದಿದ್ದಪ್ಪ. ತುಕ್ಕು ಹಿಡಿದಿತ್ತು, ತೆಗೆಸಿದ್ವಿ. ಮಣ್ಣು ಮಾತ್ರ ಹಾಗೇ ಮುಚ್ಚಿದ್ವಿ" ಅಂದರು. ಬರಗಾಲದ ವರ್ಷಗಳಲ್ಲಿ ನೀರು ಎಷ್ಟೋ ಕೆಳಗಿತ್ತು. ಆ ಮಣ್ಣಿನ ಪೆಟ್ರೋಲನ್ನು ಯಾವ ನೀರೂ ಮುಟ್ಟಿರಲಿಲ್ಲ. ಕೆರೆ ತುಂಬಿ ನೀರು ಮೇಲೆ ಬಂದಾಗ ಮುಟ್ಟಿತು.

ನೀರು ಸರಿಯಾಗುವವರೆಗೆ ಏನು ಮಾಡಬೇಕು

ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇರೆ ನೀರು. ಸ್ನಾನಕ್ಕೂ ಬೇಡ ಅನ್ನುವುದು ಯಾಕೆ ಅಂದರೆ, ಬಿಸಿ ನೀರಿನಿಂದ ಬೆಂಜೀನ್ ಆವಿಯಾಗಿ ಮುಚ್ಚಿದ ಬಚ್ಚಲಿನಲ್ಲಿ ಉಸಿರಿಗೆ ಹೋಗುತ್ತದೆ. ಕುದಿಸಿದರೂ ಅದೇ ಕಥೆ, ಅಡುಗೆಮನೆಗೆ ಆವಿ. ಊರಿನ ಆರ್‌ಒ ಘಟಕ ಫ್ಲೋರೈಡ್ ತೆಗೆಯುತ್ತದೆ ನಿಜ. ಬೆಂಜೀನನ್ನು ನಂಬಿಕೆಯಿಂದ ತೆಗೆಯುತ್ತದೆ ಅಂತ ಹೇಳಲು ಬರುವುದಿಲ್ಲ.

ದೂರನ್ನು ಬರೆದೇ ಕೊಡಿ. ಗ್ರಾಮ ಪಂಚಾಯ್ತಿಗೆ, ತೈಲ ಕಂಪನಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಮಂಡಳಿಗೆ 1974ರ ಜಲ ಕಾಯ್ದೆಯಡಿ ಕ್ರಮ ಕೈಗೊಳ್ಳುವ ಅಧಿಕಾರ ಇದೆ, ಅದರಲ್ಲಿ ಬಾವಿ ನೀರೂ ಸೇರುತ್ತದೆ. ಟ್ಯಾಂಕುಗಳ ಲೈಸೆನ್ಸ್ ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ದೂರಿನ ಜೊತೆ ನಿಮ್ಮ ನೋಟ್‌ಬುಕ್ಕಿನ ಜೆರಾಕ್ಸ್ ಇಡಿ. ಒಂದು ಲ್ಯಾಬ್ ವರದಿಗಿಂತ ಒಂದು ವರ್ಷದ ಮಟ್ಟದ ಪಟ್ಟಿ ಇಟ್ಟಾಗ ಅಧಿಕಾರಿಗಳು ಜಾಸ್ತಿ ಹೊತ್ತು ಕೂತು ಕೇಳಿದರು.

ಪೂರ್ವ ಮೂಲೆಯ ಮಣ್ಣನ್ನು ಕಂಪನಿಯ ಖರ್ಚಿನಲ್ಲಿ ಅಗೆದು ಸಾಗಿಸಿದರು. ನೀರಿನ ಮಟ್ಟದಿಂದ ಕೆಳಗೆ ಇದ್ದದ್ದನ್ನು ಪೂರ್ತಿ ತೆಗೆಯಲು ಆಗಲಿಲ್ಲ. ಆ ಜಾಗಕ್ಕೂ ಬಾವಿಗೂ ನಡುವೆ ಎರಡು ಕಾವಲು ಬಾವಿ ತೋಡಿದ್ದಾರೆ. ಈಗ ಮೇ ತಿಂಗಳಲ್ಲಿ ಒಂದು, ನವೆಂಬರ್‌ನಲ್ಲಿ ಒಂದು ಮಾದರಿ ತೆಗೆಯುತ್ತೇವೆ. ಹದಿನೈದು ದಿನದ ಅಳತೆಯನ್ನು ಚಿಕ್ಕಪ್ಪನೇ ಮಾಡುತ್ತಾರೆ. ಕಟ್ಟೆಯ ಕೆಂಪು ಗುರುತಿನಿಂದ ಟೇಪ್ ಇಳಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಎರಡು ಬೇಸಿಗೆಯಿಂದ ಪದರ ಕಂಡಿಲ್ಲ. ಝೈಲೀನ್ ಇನ್ನೂ ಸ್ವಲ್ಪ ಇದೆ. ಆ ನೀರನ್ನು ಇನ್ನೂ ಯಾರೂ ಕುಡಿಯುತ್ತಿಲ್ಲ.